ಎಡಗೈ ಮೊಳೆ

"ನಿನ್ನ ಕುರ್ಚಿ ಎಲ್ಲಿಗೂ ಹೋಗಲ್ಲ ಹಿಲ್ಮಿ. ಸ್ವಲ್ಪ ಗೋಡೆ ಕಡೆ ಸರಿಸ್ತೀವಿ, ಅಷ್ಟೇ."

ಯಜಮಾನ ಅದ್ಲಿ ಸಾಹೇಬರು ಈ ಮಾತನ್ನು ಹೇಳಿದ್ದು ಕಾಫಿಗೆ ಊದುತ್ತಾ. ಕಾಫಿ ಆಗಲೇ ಆರಿತ್ತು. ಊದುವ ನೆಪದಲ್ಲಿ ಹಿಲ್ಮಿಯ ಮುಖ ನೋಡುವುದು ತಪ್ಪುತ್ತಿತ್ತು. ಕಿಟಕಿಯ ಪಕ್ಕದ ಜಾಗ, ಅಂಗಳದಲ್ಲಿ ನಿಂತ ದೊಡ್ಡ ಮರದ ಪೆಟ್ಟಿಗೆಗಳೂ ಅವುಗಳಾಚೆ ಅಲೆಕ್ಸಾಂಡ್ರಿಯ ಬಂದರಿನ ಕ್ರೇನುಗಳ ಕುತ್ತಿಗೆಗಳೂ ಕಾಣುವ ಜಾಗ, ಇನ್ನು ಮೇಲೆ ಮುಹಾಬನದು. ಮುಹಾಬ್ ಸಾಹೇಬರ ಮಗಳ ಗಂಡ, ಇಂಜಿನಿಯರು, ಬಿಳಿ ಬೂಟಿನವನು. ಒಂದು ಆರು ತಿಂಗಳು ಅವನಿಗೆ ಕೆಲಸ ಹೇಳಿಕೊಡು, ಆಮೇಲೆ ನಿನಗೂ ಆರಾಮ ಎಂದರು ಸಾಹೇಬರು.

ಹಿಲ್ಮಿ ಸರಿ ಅಂದ. ಅಷ್ಟೇ ಅಲ್ಲ, ಕುರ್ಚಿಯನ್ನು ತಾನೇ ಎತ್ತಿ ಗೋಡೆಯ ಬಳಿ ಇಟ್ಟುಕೊಂಡ.

ಇಪ್ಪತ್ತೆಂಟು ವರ್ಷದಿಂದ ಅವನು ಆ ಅಂಗಳದಲ್ಲಿದ್ದ. ಮನೆಯಷ್ಟು ದೊಡ್ಡ ಯಂತ್ರಗಳನ್ನು ಪೆಟ್ಟಿಗೆಗೆ ಹಾಕಿ, ಹಡಗಿಗೇರಿಸಿ, ಕಾಣದ ಊರುಗಳಿಗೆ ಕಳಿಸುವುದು ಅಂಗಳದ ಕಸುಬು. ಹತ್ತು ವರ್ಷದ ಹಿಂದೆ ಸಾಹೇಬರಿಗೆ ಎದೆನೋವು ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನ ಕೈ ಹಿಡಿದು, ಬದುಕಿದರೆ ಬೋರ್ಡಿನ ಮೇಲೆ ನಿನ್ನ ಹೆಸರೂ ಹಾಕಿಸುತ್ತೇನೆ ಅಂದಿದ್ದರು. ಬದುಕಿದರು. ಬೋರ್ಡು ಬರೆಯುವವನು ಬಂದು ತಗಡಿನ ಮೇಲೆ ಇದ್ದಿಲಿನಲ್ಲಿ 'ಅದ್ಲಿ ಮತ್ತು ಹಿಲ್ಮಿ' ಎಂದು ಅಳತೆಗೆ ಬರೆದೂ ಹೋದ. ಬಣ್ಣ ಹಚ್ಚಲು ಯಾರೂ ಹೇಳಲಿಲ್ಲ. ಆ ತಗಡು ಈಗಲೂ ಹಿಂದಿನ ಶೆಡ್ಡಿನಲ್ಲಿ ಮುಖ ಗೋಡೆಗೆ ಮಾಡಿಕೊಂಡು ನಿಂತಿದೆ. ಈಗ ಹಿಲ್ಮಿಯೂ ಗೋಡೆ ಸೇರಿದ.

ಗೋಡೆಯ ಬಳಿ ಕೂತರೆ ಸಮುದ್ರ ಕಾಣುವುದಿಲ್ಲ. ಮುಹಾಬನ ಕತ್ತು ಕಾಣುತ್ತದೆ. ಕ್ಷೌರದವನು ಹೊಸದಾಗಿ ಹೆರೆದು ಬಿಟ್ಟ, ನುಣ್ಣನೆಯ, ಯಾವ ಚಿಂತೆಯೂ ಇಲ್ಲದ ಕತ್ತು. ಆ ಕತ್ತನ್ನು ಮೂರು ವಾರ ನೋಡಿದ ಮೇಲೆ ಹಿಲ್ಮಿಯ ತಲೆಯಲ್ಲಿ ಒಂದು ಲೆಕ್ಕ ತಾನಾಗಿ ಕೂಡಿಕೊಳ್ಳತೊಡಗಿತು.

ಅದೇ ಹೊತ್ತಿಗೆ ಆ ಯಂತ್ರ ಅಂಗಳಕ್ಕೆ ಬಂತು. ಹಲ್ಲುಚಕ್ರ ಕೊರೆಯುವ ಜರ್ಮನ್ ಯಂತ್ರ. ಮುಚ್ಚಿಹೋದ ಒಂದು ಕಾರ್ಖಾನೆಯಿಂದ ಹರಾಜಿನಲ್ಲಿ ಕೊಂಡವರು ಮೊಂಬಾಸದವರು. ಅದೇ ಹರಾಜಿನಲ್ಲಿ ಸೋತವರು ದಮನ್ಹೂರಿನ ಹಾಜಿ ಇಸ್ಮತ್. ಹಾಜಿಯವರು ಏನನ್ನೂ ಹೆಚ್ಚು ಕೇಳದ ಮನುಷ್ಯ. ಒಂದು ಮಧ್ಯಾಹ್ನ ಅಂಗಳಕ್ಕೆ ಬಂದು, ಯಂತ್ರದ ಮೈ ಸವರಿ, ಇದು ಈ ದೇಶ ಬಿಟ್ಟು ಹೋಗಬಾರದಿತ್ತು ಅಂದರು. ಆಮೇಲೆ ಹಿಲ್ಮಿಯ ಕಡೆ ನೋಡದೆ, ದಮಿಯಟ್ಟಾದಲ್ಲಿ ಬಂದರಿಗೆ ಹತ್ತಿರ ತಮ್ಮದೊಂದು ಖಾಲಿ ಜಾಗವಿದೆ, ಕಾಂಪೌಂಡು ಇದೆ, ಗೇಟಿದೆ, ಗೇಟಿಗೆ ಬೋರ್ಡಿಲ್ಲ ಅಂದರು.

ಯಂತ್ರಕ್ಕೆ ಬದಲಾಗಿ ಬೋರ್ಡು ಎಂಬ ಆ ಮಾತು ಹಿಲ್ಮಿಯ ಒಳಗೆ ಇಳಿದು ಕೂತಿತು.

ಸಣ್ಣ ಕಳ್ಳರು ಸಿಕ್ಕಿಬೀಳುವುದು ಯಾಕೆಂದು ಅವನಿಗೆ ಗೊತ್ತಿತ್ತು. ಅವರು ಸಾಮಾನು ಕದ್ದು ಖಾಲಿ ಪೆಟ್ಟಿಗೆ ಕಳಿಸುತ್ತಾರೆ, ಅಥವಾ ಪೆಟ್ಟಿಗೆಗೆ ಗುಜರಿ ತುಂಬಿ ಕಳಿಸುತ್ತಾರೆ. ಎರಡು ತಿಂಗಳಾದ ಮೇಲೆ ದೂರದ ಬಂದರಿನಲ್ಲಿ ಯಾರೋ ಮುಚ್ಚಳ ತೆಗೆಯುತ್ತಾನೆ, ಅಲ್ಲಿಗೆ ಕತೆ ಮುಗಿಯಿತು. ತಪ್ಪು ಇರುವುದು ಕಳ್ಳತನದಲ್ಲಲ್ಲ, ಮುಚ್ಚಳದಲ್ಲಿ. ಯಾರೂ ಎಂದೂ ತೆಗೆಯದ ಪೆಟ್ಟಿಗೆ ಬೇಕು. ಅಂಥ ಪೆಟ್ಟಿಗೆ ಇರುವ ಜಾಗ ಒಂದೇ, ಸಮುದ್ರದ ತಳ.

ಬಂದರಿನ ಒಳಗೆ ಬಿದ್ದರೆ ಪ್ರಯೋಜನವಿಲ್ಲ. ಹಡಗು ನಿಲ್ಲುವ ದಾರಿಗೆ ಅಡ್ಡ ಎಂದು ಅಧಿಕಾರಿಗಳು ಎತ್ತಿಸುತ್ತಾರೆ. ಹೊರಗಿನ ಬಂದರು ಹಾಗಲ್ಲ. ಒಳಗೆ ಜಾಗ ಸಿಗದಾಗ ಸಾಮಾನನ್ನು ದೋಣಿಗಟ್ಟೆ ಎಂಬ ಚಪ್ಪಟೆ ತೇಲುಕಟ್ಟೆಯ ಮೇಲೆ ಹೇರಿ ಹೊರಬಂದರಿಗೆ ಎಳೆದೊಯ್ದು ಅಲ್ಲಿಂದ ಹಡಗಿನ ಕ್ರೇನಿನಲ್ಲಿ ಎತ್ತಿಸುವುದು ಇದ್ದದ್ದೇ. ಅಲ್ಲಿ ತಳ ಎಂದರೆ ಮೆತ್ತನೆಯ ಕರಿ ಕೆಸರು. ಬಿದ್ದ ಲಂಗರುಗಳನ್ನೇ ಹುಡುಕಿ ಬೇಸತ್ತವರಿದ್ದಾರೆ. ಮೇಲಾಗಿ ಇಂಥ ಸೂಕ್ಷ್ಮದ ಯಂತ್ರ ಒಮ್ಮೆ ಉಪ್ಪುನೀರು ಕುಡಿದರೆ ಗುಜರಿಯೇ. ಅದನ್ನು ಎತ್ತಿಸುವ ಖರ್ಚು ಯಾವ ವಿಮೆಯವನೂ ಹಾಕುವುದಿಲ್ಲ. ಮೊಂಬಾಸದವರಿಗೆ ಪರಿಹಾರ ಸಿಗುತ್ತದೆ, ಅವರಿಗೆ ನಷ್ಟವಿಲ್ಲ. ಪೆಟ್ಟಿಗೆಯ ಹಗ್ಗವನ್ನು ಕ್ರೇನಿನ ಕೊಕ್ಕೆಗೆ ಸೇರಿಸುವ ಕಬ್ಬಿಣದ ಕೊಂಡಿ ಮುರಿದರೆ ಸಾಕು, ಆ ಕೊಂಡಿ ಯಾರು ತರಿಸಿದ್ದು? ಅಗ್ಗದ ಹೊಸ ಕೊಂಡಿಗಳನ್ನು ತರಿಸಿದ ಚೀಟಿಯ ಮೇಲೆ ಇಂಜಿನಿಯರ್ ಮುಹಾಬನ ಸಹಿ ಇತ್ತು. ತರಿಸಬೇಡ ಎಂದು ಹಿಲ್ಮಿ ನಾಲ್ಕು ಜನರ ಎದುರಿಗೆ ಎರಡು ಸಲ ಹೇಳಿದ್ದ. ಮೂರನೆಯ ಸಲ ಹೇಳದೆ ಬಿಟ್ಟಿದ್ದ.

ಹೀಗೆ ಯೋಜನೆಗೆ ಒಂದು ತಲೆ ಬಂತು, ಒಂದು ಬಾಲ ಬಂತು. ಉಳಿದದ್ದು ಹೊಟ್ಟೆ.

ಹೊಟ್ಟೆಯ ಕೆಲಸಕ್ಕೆ ಅಡ್ಡ ನಿಂತವನು ಒಬ್ಬನೇ, ಬಯ್ಯೂಮಿ ಮೇಸ್ತ್ರಿ. ಅಂಗಳದ ಪೆಟ್ಟಿಗೆಗಳೆಲ್ಲ ಅವನ ಕೈಯವು. ಅರವತ್ತನಾಲ್ಕು ವಯಸ್ಸು, ಎಡಗೈಯವನು, ಹಿಲ್ಮಿಗೆ ಕಸುಬು ಕಲಿಸಿದವನು. ಈಗ ಹಿಲ್ಮಿ ಮೇಲೇರಿದ ಮೇಲೆ ಬಯ್ಯೂಮಿಯೇ ಅವನನ್ನು ಉಸ್ತಾದ್, ಅಂದರೆ ಗುರುವೇ, ಎಂದು ಕರೆಯುತ್ತಿದ್ದ, ಆದರೆ ಏಕವಚನ ಬಿಟ್ಟಿರಲಿಲ್ಲ. ಅವನಿಗೆ ಎರಡು ಹುಚ್ಚು. ಒಂದು ಮೊಳೆ. ಎಡಗೈಯಲ್ಲಿ ಹೊಡೆಯುವುದರಿಂದ ಅವನ ಮೊಳೆಯ ತಲೆ ಕೂದಲೆಳೆಯಷ್ಟು ಬಲಕ್ಕೆ ವಾಲಿರುತ್ತದೆ. ಸಾವಿರ ಪೆಟ್ಟಿಗೆಗಳ ನಡುವೆ ತನ್ನದನ್ನು ಬೆರಳಲ್ಲಿ ಸವರಿ ಹೇಳಬಲ್ಲ. ಇನ್ನೊಂದು ಎಣ್ಣೆ. ಸಮುದ್ರಕ್ಕೆ ಹೊರಟ ಯಾವ ಯಂತ್ರವನ್ನೂ ಅವನು ಒಣ ಮೈಯಲ್ಲಿ ಕಳಿಸಿದವನಲ್ಲ. ಸಂದುಗೊಂದು, ಹಲ್ಲುಚಕ್ರದ ಮನೆ, ಹೊಟ್ಟೆಯ ಪೊಳ್ಳು, ಎಲ್ಲಕ್ಕೂ ಜೇನಿನಂಥ ಹಳದಿ ಎಣ್ಣೆ ತುಂಬಿ, ಮೇಲೆ ಮೇಣದ ಬಟ್ಟೆ ಸುತ್ತುತ್ತಿದ್ದ. ಸಮುದ್ರಕ್ಕೆ ಕಬ್ಬಿಣ ಅಂದರೆ ಬಲು ಆಸೆ, ಬಾಯಿ ಹಾಕಿದಾಗ ಮೊದಲು ಎಣ್ಣೆಯೇ ಸಿಗಲಿ ಎಂದು ಅವನ ವಾದ. ಮಧ್ಯಾಹ್ನದ ಬುತ್ತಿಯಲ್ಲೂ ಅವನ ಅವರೆಕಾಳಿನ ಮೇಲೆ ಎರಡು ಬೆರಳು ಎಣ್ಣೆ ನಿಂತಿರುತ್ತಿತ್ತು. ಮನೆಯಲ್ಲಿ ಹೆಂಡತಿಯ ಕೈಗೂ ಸಿಗದೆ ಜಾರಿಹೋಗುತ್ತಾನೆ ಎಂದು ಕೂಲಿಯವರು ನಗುತ್ತಿದ್ದರು. ಎಣ್ಣೆಯ ಚೀಟಿಗೆ ಸಹಿ ಹಾಕಿ ಹಾಕಿ ಹಿಲ್ಮಿಗೆ ಅಭ್ಯಾಸವಾಗಿತ್ತು. ಈ ಯಂತ್ರಕ್ಕೂ ಮೂರು ಪೀಪಾಯಿ ಹೋಯಿತು. ಅದಕ್ಕೂ ಕಣ್ಣೆತ್ತದೆ ಸಹಿ ಹಾಕಿದ್ದ.

ಬಯ್ಯೂಮಿಯ ಕೈಯಲ್ಲೇ ಹಿಲ್ಮಿ ಎರಡು ಪೆಟ್ಟಿಗೆ ಮಾಡಿಸಿದ. ಒಂದು ಮೊಂಬಾಸದ ಯಂತ್ರಕ್ಕೆ. ಇನ್ನೊಂದು, ಅದೇ ಅಳತೆಯದು, ಬೇರೆ ಊರಿನ ಗಿರಾಕಿಗೆ ಎಂದು. ಖಾಲಿ ಪೆಟ್ಟಿಗೆ ಹಿಂದಿನ ಶೆಡ್ಡಿಗೆ ಹೋಯಿತು. ಅದರೊಳಗೆ ಹಿಲ್ಮಿ ಒಂದು ಸವೆದ ಲೇತಿನ ತಳ, ಒಡೆದ ಕಟ್ಟೆಯ ಕಾಂಕ್ರೀಟ್ ತುಂಡುಗಳು, ಹಳೆಯ ಸರಪಳಿ ಇಷ್ಟನ್ನು ಅಳೆದಳೆದು ಹಾಕಿದ. ಹನ್ನೊಂದು ಟನ್ ನಾನೂರು ಕಿಲೋ. ಒಂದು ಕಿಲೋ ಹೆಚ್ಚಿಲ್ಲ, ಕಡಿಮೆಯಿಲ್ಲ. ತೂಕ ಸರಿ ಇದ್ದರೆ ಸಾಲದು. ಯಂತ್ರದ ಭಾರವೆಲ್ಲ ಒಂದು ಪಕ್ಕಕ್ಕಿತ್ತು, ಪೆಟ್ಟಿಗೆಯ ಮೇಲೆ ಅದರ ಗುರುತು ಬರೆದಿತ್ತು. ಗುಜರಿಯ ಭಾರವೂ ಅಲ್ಲೇ ಕೂರಬೇಕು, ಇಲ್ಲದಿದ್ದರೆ ಎತ್ತಿದ ತಕ್ಷಣ ಪೆಟ್ಟಿಗೆ ವಾಲಿ, ಕ್ರೇನಿನವನೇ ಹುಬ್ಬೇರಿಸುತ್ತಾನೆ. ಎರಡು ದಿನ ಕಲ್ಲುಗಳನ್ನು ಸರಿಸಿ ಸರಿಸಿ ಅದನ್ನೂ ಸರಿಮಾಡಿದ. ಪೆಟ್ಟಿಗೆ ಒಡೆದು ಬಟ್ಟೆ ತೇಲಿಬಂದರೆ ಅದೂ ಸರಿಯಾದ ಬಟ್ಟೆಯೇ ಆಗಿರಲಿ ಎಂದು ಗುಜರಿಗೆ ಮೇಣದ ಬಟ್ಟೆ ಸುತ್ತಿದ.

ಉಳಿದದ್ದು ಮುಚ್ಚಳ. ಅದನ್ನು ಹಿಲ್ಮಿಯೇ ಬಡಿಯಬೇಕು, ಬಯ್ಯೂಮಿಯ ಹಾಗೆ ಬಡಿಯಬೇಕು. ಹನ್ನೊಂದು ಸಂಜೆ ಅವನು ತನ್ನ ಮನೆಯ ತಾರಸಿಯ ಮೇಲೆ ಹಳೆಯ ಬಾಗಿಲೊಂದನ್ನು ಹಾಕಿಕೊಂಡು ಎಡಗೈಯಲ್ಲಿ ಮೊಳೆ ಹೊಡೆಯುವುದನ್ನು ಕಲಿತ. ಹೆಬ್ಬೆರಳು ಎರಡು ಸಲ ಜಜ್ಜಿತು. ಹೆಂಡತಿ ಇಜ್ಲಾಲ್ ಮೇಲೆ ಬಂದು ನೋಡಿ, ಅಂತೂ ಪಾರಿವಾಳದ ಗೂಡು ಕಟ್ಟೋಕೆ ಮನಸ್ಸು ಬಂತಲ್ಲ ಎಂದು ಸಂತೋಷಪಟ್ಟಳು. ಹತ್ತು ವರ್ಷದಿಂದ ಕೇಳುತ್ತಿದ್ದಳಂತೆ. ಹಾಗಾಗಿ ಅವನು ಪಾರಿವಾಳದ ಗೂಡನ್ನೂ ಕಟ್ಟಬೇಕಾಯಿತು. ಗೂಡು ಚೆನ್ನಾಗಿಯೇ ಬಂತು. ಅದರ ಮೊಳೆಗಳೆಲ್ಲ ಕೂದಲೆಳೆಯಷ್ಟು ಬಲಕ್ಕೆ ವಾಲಿದ್ದವು.

ದಿನ ಶುಕ್ರವಾರ. ನಡುಮಧ್ಯಾಹ್ನದ ನಮಾಜಿಗೆ ಅಂಗಳ ಪೂರ್ತಿ ಖಾಲಿಯಾಗುತ್ತದೆ, ಗೇಟಿನವನೂ ಹೋಗುತ್ತಾನೆ. ಆಮೇಲೆ ಎಲ್ಲರೂ ಮನೆಗೆ ಹೋಗಿ ಮೀನೂಟ ಮಾಡಿ ಮಲಗೆದ್ದು ಬರುವಷ್ಟರಲ್ಲಿ ಬಿಸಿಲು ವಾಲಿರುತ್ತದೆ. ನಾಲ್ಕು ಶುಕ್ರವಾರ ಮೊದಲೇ ಹಿಲ್ಮಿಗೆ ಮಂಡಿನೋವು ಬಂದಿತ್ತು. ಮಸೀದಿಯ ಮೆಟ್ಟಿಲು ಹತ್ತಲಾರೆ, ಇಲ್ಲೇ ಕುರ್ಚಿಯಲ್ಲಿ ಕೂತು ನಮಾಜು ಮಾಡುತ್ತೇನೆ, ಗೇಟನ್ನೂ ನೋಡಿಕೊಳ್ಳುತ್ತೇನೆ ಅಂದಿದ್ದ. ದೇವರು ಗುಣ ಮಾಡಲಿ ಎಂದು ಎಲ್ಲರೂ ಹರಸಿದರು. ಬಯ್ಯೂಮಿ ಮನೆಯಿಂದ ಒಂದು ಮುಲಾಮಿನ ಡಬ್ಬಿ ತಂದುಕೊಟ್ಟ. ಅದರಲ್ಲೂ ಎಣ್ಣೆಯೇ ಜಾಸ್ತಿ.

ಐದನೆಯ ಶುಕ್ರವಾರ ಧ್ವನಿವರ್ಧಕದಲ್ಲಿ ಪ್ರವಚನ ಶುರುವಾದಾಗ ಹಾಜಿಯವರ ಲಾರಿ ಗೇಟಿನೊಳಗೆ ಬಂತು. ಜತೆಗೆ ಮಾತು ಕಡಿಮೆ ಇದ್ದ ಇಬ್ಬರು. ಹಿಲ್ಮಿ ಅಂಗಳದ ಕ್ರೇನನ್ನು ತಾನೇ ನಡೆಸಿ ಯಂತ್ರದ ಪೆಟ್ಟಿಗೆಯನ್ನು ಲಾರಿಗೇರಿಸಿದ, ಶೆಡ್ಡಿನಲ್ಲಿದ್ದ ಅವಳಿಯನ್ನು ಅದರ ಜಾಗದಲ್ಲಿಟ್ಟ. ಸುಂಕದವರ ಸೀಸದ ಮುದ್ರೆ ಗುರುವಾರವೇ ಬಿದ್ದಿತ್ತು. ಮುದ್ರೆಯನ್ನು ಅವನು ಮುಟ್ಟಲಿಲ್ಲ, ಮುದ್ರೆ ಕೂತಿದ್ದ ಕಬ್ಬಿಣದ ಪಟ್ಟಿಯನ್ನೇ ಬೋಲ್ಟು ಬಿಚ್ಚಿ ತೆಗೆದು ಅವಳಿ ಪೆಟ್ಟಿಗೆಗೆ ಕೂರಿಸಿದ. ಪ್ರವಚನ ಮುಗಿದು, ನಮಾಜು ಮುಗಿದು, ಬೀದಿಯಲ್ಲಿ ಸಲಾಮುಗಳು ಕೇಳುವಾಗ ಯಂತ್ರ ಟಾರ್ಪಾಲಿನ ಕೆಳಗೆ ದಮನ್ಹೂರಿನ ದಾರಿ ಹಿಡಿದಿತ್ತು.

ಒಬ್ಬನೇ ಉಳಿದ ಮೇಲೆ ಹಿಲ್ಮಿ ಅವಳಿ ಪೆಟ್ಟಿಗೆಯ ಸುತ್ತ ಬಂದ. ಬಣ್ಣ ಸರಿ, ಅಕ್ಷರ ಸರಿ, ಮೊಳೆ ಸರಿ. ಏನೋ ಕೊರತೆ ಅನ್ನಿಸಿತು. ನಿಂತ, ಮೂಗು ಅರಳಿಸಿದ. ವಾಸನೆ ಇರಲಿಲ್ಲ. ಬಯ್ಯೂಮಿಯ ಪೆಟ್ಟಿಗೆ ಹತ್ತು ಹೆಜ್ಜೆ ದೂರದಿಂದಲೇ ಎಣ್ಣೆ ನಾರುತ್ತದೆ, ತಳದ ಹಲಗೆಯಲ್ಲಿ ಹಳದಿ ಕಲೆ ಕೂತಿರುತ್ತದೆ. ಹಿಲ್ಮಿ ಹೋಗಿ ಒಂದು ಟೀ ಲೋಟದಷ್ಟು ಎಣ್ಣೆ ತಂದು ತಳದ ಸಂದಿಗೆ ಸುರಿದ. ಹಲಗೆ ಅದನ್ನು ಹೀರಿಕೊಂಡಿತು, ಕಲೆ ಹರಡಿತು, ವಾಸನೆ ಎದ್ದಿತು. ಇಷ್ಟು ಸಣ್ಣದೂ ತನ್ನ ಕಣ್ಣು ತಪ್ಪಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಗೌರವ ಬಂತು.

ಶನಿವಾರದಿಂದ ಮಾತ್ರ ಅವನ ನೆಮ್ಮದಿ ಹಾರಿತು. ಯಾರು ನೋಡಿದರೂ ತನ್ನನ್ನೇ ನೋಡಿದ ಹಾಗೆ. ಗೇಟಿನವನು ಲಾರಿಯ ಗಾಲಿಯ ಗುರುತಿನ ಮೇಲೆ ನಿಂತು ಕೆಮ್ಮಿದ, ಯಾಕೆ ಅಲ್ಲೇ ನಿಂತ? ಬಯ್ಯೂಮಿ ಬೆಳಿಗ್ಗೆಯೇ ಬಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟು ಮೊಳೆಗಳನ್ನು ಒಂದೊಂದಾಗಿ ಸವರುತ್ತಾ ಹೋದ. ಮಧ್ಯೆ ಒಂದು ಕಡೆ ಕೈ ನಿಂತಿತು.

"ಇದು ನಾನು ಹೊಡೆದ ಹಾಗಿಲ್ಲ ಉಸ್ತಾದ್," ಅಂದ.

ಬಯ್ಯೂಮಿ ಇನ್ನೊಮ್ಮೆ ಸವರಿದ.

"ಅಷ್ಟು ನೀಟಾಗಿದೆ. ಈ ಮುದುಕನ ಕೈ ಇನ್ನೂ ನಡೀತಿದೆ ನೋಡು."

ಹತ್ತು ಗಂಟೆಗೆ ಮೇಡಂ ಫಿಕ್ರಿಯಾ ಬಂದರು. ವಿಮೆಯವರ ಪರವಾಗಿ ಸಾಮಾನು ಪರೀಕ್ಷೆ ಮಾಡುವವರು. ಕುಳ್ಳಗೆ, ದಪ್ಪ ಕನ್ನಡಕ, ಹೆಗಲಿಗೆ ಸಂತೆಗೆ ಹೋಗುವಂಥ ಚೀಲ. ಬಂದರಿನಲ್ಲಿ ಅವರಿಗೆ ಹೆದರದವರಿಲ್ಲ. ಒಮ್ಮೆ ಹತ್ತಿಯ ಮೂಟೆಯನ್ನು ಬರೀ ಒದ್ದು ನೋಡಿ, ಒಳಗೆ ಹತ್ತಿಯಿಲ್ಲ ಅಂದಿದ್ದರಂತೆ. ಇಡೀ ಯೋಜನೆಯಲ್ಲಿ ಹಿಲ್ಮಿ ನಿಜವಾಗಿ ಭಯಪಟ್ಟಿದ್ದು ಈ ಒಬ್ಬ ಹೆಂಗಸಿಗೆ. ಅವರು ಪೆಟ್ಟಿಗೆಯ ಸುತ್ತ ಮೂರು ಸಲ ಬಂದರು. ಬೆರಳಿನ ಗೆಣ್ಣಿನಿಂದ ಹಲಗೆ ತಟ್ಟಿ, ಒಳಗೆ ಯಾರಾದರೂ ಇದ್ದೀರಾ ಎಂದು ಕೇಳಿ ತಾವೇ ನಕ್ಕರು. ಮುದ್ರೆ ನೋಡಿದರು. ತೂಕದ ಚೀಟಿ ನೋಡಿದರು. ಕೊನೆಗೆ ಕನ್ನಡಕ ತೆಗೆದು, ಬಗ್ಗಿ, ಹಲಗೆಗೆ ಮೂಗು ತಾಗಿಸಿ ಉಸಿರೆಳೆದರು.

"ಬಯ್ಯೂಮಿ ಎಣ್ಣೆ," ಅಂದರು. "ಕಣ್ಣು ಕಟ್ಟಿದ್ರೂ ಹೇಳ್ತೀನಿ."

ಬಯ್ಯೂಮಿ ಮದುಮಗನ ಹಾಗೆ ತಲೆ ತಗ್ಗಿಸಿದ. ಹಿಲ್ಮಿ ಆಕಾಶ ನೋಡಿದ, ಒಳಗೇ ನಗುತ್ತಾ. ಮೇಡಂ ಕಾಗದಗಳನ್ನೆಲ್ಲ ಜೋಡಿಸಿಕೊಂಡರು. ಪೆಟ್ಟಿಗೆಯಲ್ಲಿ ಏನೇನಿದೆ ಎಂಬ ಪಟ್ಟಿ, ಬೋಲ್ಟಿನಿಂದ ಎಣ್ಣೆಯವರೆಗೆ, ಪ್ರತಿ ಸಾಲಿನ ಎದುರು ಹಿಲ್ಮಿಯ ಸಹಿ. ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಟವರು ಗೇಟಿನ ಬಳಿ ತಿರುಗಿದರು.

"ಮಂಡಿ ಹೇಗಿದೆ?"

ಅಷ್ಟೇ ಕೇಳಿ ಹೋದರು. ಅವತ್ತೆಲ್ಲ ಹಿಲ್ಮಿ ಅದನ್ನೇ ಅಗಿದ. ಮಂಡಿಯ ವಿಷಯ ಇವರಿಗೆ ಹೇಳಿದವರು ಯಾರು? ಹೇಳಿದವರು ಶುಕ್ರವಾರದ್ದನ್ನೂ ಹೇಳಿರಬಹುದೇ? ಕೊನೆಗೆ ಸಂಜೆ ಬಯ್ಯೂಮಿಯೇ ಬಾಯಿ ಬಿಟ್ಟ. ಮುಲಾಮು ಮಾಡಿದ್ದು ಮೇಡಂ ಅವರ ತಾಯಿಯಂತೆ, ಡಬ್ಬಿ ಅವರಿಂದಲೇ ತಂದಿದ್ದಂತೆ. ಹಿಲ್ಮಿ ಮನೆಗೆ ಹೋಗಿ ಏನೂ ಇಲ್ಲದ ಮಂಡಿಗೆ ಮುಲಾಮು ಹಚ್ಚಿಕೊಂಡು ಮಲಗಿದ. ವಾಸನೆಯಾದರೂ ಇರಲಿ ಎಂದು.

ಭಾನುವಾರ ಗಾಳಿ ಅಡಗಿತ್ತು. ಹೊರಬಂದರಿನ ನೀರು ತಟ್ಟೆಗೆ ಹುಯ್ದಿಟ್ಟ ಹಾಗೆ ಅಲುಗದೆ ನಿಂತಿತ್ತು. ಇಂಥ ದಿನವನ್ನೇ ಹಿಲ್ಮಿ ಕಾದಿದ್ದ. ಅಲೆಯಿದ್ದರೆ ಕೊಂಡಿ ಎಲ್ಲಿ ಕೈ ಕೊಡುತ್ತದೋ ಹೇಳಲಾಗದು, ಯಾರ ತಲೆಗೂ ಏಟಾಗಬಾರದು. ಅವನು ಕಳ್ಳನಿರಬಹುದು, ಕೊಲೆಗಾರನಲ್ಲ. ಕೊಂಡಿಯ ಕೀಲನ್ನು ಅರದಿಂದ ಎಷ್ಟು ಉಜ್ಜಬೇಕೆಂದು ಮೂರು ಕೊಂಡಿಗಳನ್ನು ಹಾಳುಮಾಡಿ ಕಲಿತಿದ್ದ. ಭಾರ ಬಿದ್ದ ಮೇಲೆ ಅರ್ಧ ಸಿಗರೇಟು ಸೇದುವಷ್ಟು ಹೊತ್ತು ಅದು ತಡೆಯುತ್ತಿತ್ತು. ಅಷ್ಟರಲ್ಲಿ ಪೆಟ್ಟಿಗೆ ದೋಣಿಗಟ್ಟೆ ಬಿಟ್ಟು ನೀರಿನ ಮೇಲಿರುತ್ತದೆ.

ದೋಣಿಗಟ್ಟೆಯ ಮೇಲೆ ಹಿಲ್ಮಿ, ಬಯ್ಯೂಮಿ, ನಾಲ್ಕು ಕೂಲಿಯವರು. ಪಕ್ಕದ ಸಣ್ಣ ಮೋಟಾರು ದೋಣಿಯಲ್ಲಿ ಮೇಡಂ ಫಿಕ್ರಿಯಾ ಮತ್ತು ಬಿಳಿ ಬೂಟಿನ ಮುಹಾಬ್. ಹಿಲ್ಮಿ ಎಲ್ಲರನ್ನೂ ಹಿಂದೆ ಸರಿಸಿದ, ಇನ್ನೂ ಹಿಂದೆ ಅಂದ, ಮಂಡಿನೋವಿನವನಿಗೆ ಇಷ್ಟು ಜೋರು ಎಲ್ಲಿಂದ ಬಂತು ಎಂದು ಕೂಲಿಯವನೊಬ್ಬ ಗೊಣಗಿದ. ಹಡಗಿನ ಕ್ರೇನು ಕೊಕ್ಕೆ ಇಳಿಸಿತು. ಪೆಟ್ಟಿಗೆ ನೆಟ್ಟಗೆ, ಒಂದಿಷ್ಟೂ ವಾಲದೆ ಮೇಲೆದ್ದಿತು. ಭಾರದ ಗುರುತು ಕೊಕ್ಕೆಯ ಕೆಳಗೇ ಇತ್ತು. ಹಿಲ್ಮಿ ಸಿಗರೇಟು ಹಚ್ಚಿದ.

ಅರ್ಧ ಸೇದಿರಲಿಲ್ಲ. ಟಪ್ಪೆಂದು ಒಂದು ಸದ್ದು, ಒಣಗಿದ ಕೊಂಬೆ ಮುರಿದ ಹಾಗೆ. ಪೆಟ್ಟಿಗೆಯ ಒಂದು ಮೂಲೆ ಕಟ್ಟೆಯ ಅಂಚಿಗೆ ಬಡಿದು ಸೀಳಿತು, ಹಳದಿ ಬಟ್ಟೆಯ ಚೂರು ಕಂಡಿತು, ಆಮೇಲೆ ನೀರು ಎರಡಾಳು ಎತ್ತರ ಎದ್ದು ಎಲ್ಲರನ್ನೂ ತೋಯಿಸಿ ಕೆಳಗೆ ಕೂತಿತು. ಯಾರಿಗೂ ಏನೂ ಆಗಲಿಲ್ಲ. ಮೂರ್ನಾಲ್ಕು ಹಲಗೆ ಮೇಲೆ ಬಂದವು. ಮೇಣದ ಬಟ್ಟೆಯ ತುಂಡು ಬಂತು. ತಟ್ಟೆಯಗಲದ ಎಣ್ಣೆಯ ಮಚ್ಚೆಯೊಂದು ನವಿಲಿನ ಬಣ್ಣ ತೋರಿಸಿ ಹರಡಿತು.

ಬಯ್ಯೂಮಿ ಕುಕ್ಕರಿಸಿ ಕೂತು ತೊಡೆ ಬಡಿದುಕೊಂಡು ಅತ್ತ. ಮಕ್ಕಳು ಮುಳುಗಿದರೂ ಅಷ್ಟು ಅಳುತ್ತಿದ್ದನೋ ಇಲ್ಲವೋ. ಮುಹಾಬನ ಮುಖ ಅವನ ಬೂಟಿನ ಬಣ್ಣಕ್ಕೆ ತಿರುಗಿತು. ಎಲ್ಲರೂ ದೋಣಿಗಟ್ಟೆಗೆ ಬಂದು ಸೇರಿದಾಗ ಹಿಲ್ಮಿ ಮುಹಾಬನ ಹತ್ತಿರ ಹೋಗಿ, ಆ ನುಣ್ಣನೆಯ ಕತ್ತಿನ ಮೇಲೆ ಕೈಯಿಟ್ಟು ಸಮಾಧಾನ ಹೇಳಿದ. ಕೊಂಡಿಗಳ ವಿಷಯ ಅವನೆತ್ತಲಿಲ್ಲ. ಕೂಲಿಯವರೇ ಎತ್ತಿದರು.

ಮೇಡಂ ಫಿಕ್ರಿಯಾ ಒದ್ದೆ ಕನ್ನಡಕ ಒರೆಸಿಕೊಂಡು, ಮುರಿದ ಕೊಂಡಿ ನೋಡಿ, ಅದನ್ನು ತರಿಸಿದವರಾರೆಂದು ಕೇಳಿ ಬರೆದುಕೊಂಡರು. ಇಲ್ಲಿನ ಕೆಸರು ನುಂಗಿದ್ದನ್ನು ಕೊಡುವುದಿಲ್ಲ, ಕೊಟ್ಟರೂ ಆ ಯಂತ್ರ ಇನ್ನು ಕೆಲಸಕ್ಕೆ ಬಾರದು, ಪೂರ್ತಿ ನಷ್ಟ ಎಂದೇ ಬರೆಯಬೇಕು ಅಂದರು. ಹಿಲ್ಮಿಗೆ ಅವರ ಮೇಲೆ ಅಕ್ಕರೆಯೇ ಬಂತು. ಇಷ್ಟು ದಿನ ಈ ಹೆಂಗಸಿಗೆ ಸುಮ್ಮನೆ ಹೆದರಿದೆನಲ್ಲ ಅನ್ನಿಸಿತು. ಅವರು ಹಾಳೆ ತಿರುಗಿಸಿ ಕೊನೆಯ ಸಹಿಗೆ ಪೆನ್ನು ಊರುವಾಗ ಬಂದರಿನ ಕಡೆಯಿಂದ ಕಿತ್ತಳೆ ಬಣ್ಣದ ದೋಣಿಯೊಂದು ಬರುವುದು ಕಂಡಿತು.

ಕ್ಯಾಪ್ಟನ್ ಝಕಿಯ ದೋಣಿ ಅದು. ನೀರಿಗೆ ಎಣ್ಣೆ ಬಿದ್ದರೆ ಬಳಿದು ತೆಗೆಯುವುದು, ಬೀಳಿಸಿದವರಿಗೆ ದಂಡ ಹಾಕುವುದು ಅವನ ಕೆಲಸ. ಎಣ್ಣೆ ಪೊಲೀಸು ಎಂದು ಬಂದರಿನವರು ಅವನಿಗೆ ಇಟ್ಟ ಹೆಸರು. ಅವನು ಯಾರನ್ನೂ ಕೇಳದೆ, ಪೆಟ್ಟಿಗೆ ಬಿದ್ದ ಜಾಗದ ಸುತ್ತ ಉದ್ದನೆಯ ಕಿತ್ತಳೆ ತೇಲುಪಟ್ಟಿಯನ್ನು ಇಳಿಸುತ್ತಾ ಬಂದು ಒಂದು ದೊಡ್ಡ ವರ್ತುಲ ಮಾಡಿ ಮುಚ್ಚಿದ. ದಂಡ ಬಿದ್ದರೆ ಅದ್ಲಿ ಸಾಹೇಬರಿಗೆ ಬೀಳುತ್ತದೆ. ಹಿಲ್ಮಿ ತಾನೇ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಅವನಿಗೆ ಕೊಟ್ಟ.

ಟೀ ಕುಡಿಯುತ್ತಾ ಝಕಿ ಒಳಗೆ ಎಣ್ಣೆ ಎಷ್ಟಿತ್ತು ಎಂದು ಕೇಳಿದ.

"ಮೂರು ಪೀಪಾಯಿ," ಅಂದ ಬಯ್ಯೂಮಿ, ಮೂಗೊರೆಸಿಕೊಂಡು. "ನನ್ನ ಕೈಯಾರೆ ತುಂಬಿದ್ದು. ಬಾಯಿಗೆ ಬರೀ ಜೇನುಮೇಣ ಮೆತ್ತಿದ್ದೆ, ಯಂತ್ರ ಉಸಿರಾಡ್ಬೇಕಲ್ಲ."

ಮೇಡಂ ಚೀಲದಿಂದ ಪಟ್ಟಿ ತೆಗೆದು ನೋಡಿ, ಹೌದು, ಮೂರು, ಹಿಲ್ಮಿಯವರ ಸಹಿ ಇದೆ ಅಂದರು. ಝಕಿ ಶಿಳ್ಳೆ ಹಾಕಿದ. ಹೋದ ವರ್ಷ ಇಲ್ಲೇ ಯಾರದೋ ನೀರೆತ್ತುವ ಪಂಪು ಬಿತ್ತು, ಅದರಲ್ಲಿದ್ದದ್ದು ಒಂದು ಕೊಡ ಎಣ್ಣೆ, ಒಂಬತ್ತು ದಿನ ಬುಳುಬುಳು ಅಂತ ಮೇಲೆ ಬರುತ್ತಲೇ ಇತ್ತು, ಮೀನಿನವರ ಬೈಗುಳ ತಿಂದು ಸಾಕಾಯಿತು ಅಂದ. ಮೂರು ಪೀಪಾಯಿ ಅಂದರೆ ಈ ವರ್ತುಲ ಸಾಲದು, ಇನ್ನೊಂದು ತರಿಸಬೇಕು. ಮೊದಲು ಮೇಲೆ ಬರಲಿ ನೋಡೋಣ ಎಂದು ಕಾಲು ಇಳಿಬಿಟ್ಟು ಕೂತ.

ಎಲ್ಲರೂ ಕಟ್ಟೆಯ ಅಂಚಿಗೆ ಬಂದು ನೀರು ನೋಡತೊಡಗಿದರು. ಹಿಲ್ಮಿಯೂ ನೋಡಿದ. ತಟ್ಟೆಯಗಲದ ಆ ಮಚ್ಚೆ ತೆಳುವಾಗಿ, ಅಂಚು ಹರಿದು, ಎಲ್ಲಿತ್ತೆಂದೇ ತಿಳಿಯದ ಹಾಗೆ ಮಾಯವಾಗಿತ್ತು. ಒಂದು ಟೀ ಲೋಟದಷ್ಟು. ಟೀ ಆರಿತು. ಬಿಸಿಲು ಮೇಲೆ ಬಂತು. ಮೇಡಂ ಫಿಕ್ರಿಯಾ ಒಂದು ಸಲ ನೀರು ನೋಡಿದರು, ಒಂದು ಸಲ ಕೈಯಲ್ಲಿದ್ದ ಪಟ್ಟಿ ನೋಡಿದರು, ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಅದನ್ನು ಚೀಲದೊಳಗಿಟ್ಟರು. ಬಯ್ಯೂಮಿ ಮೊಣಕಾಲೂರಿ ಬಗ್ಗಿ, ಕೈಯನ್ನು ನೀರಿಗೆ ಅದ್ದಿ, ಬೆರಳುಗಳನ್ನು ಉಜ್ಜಿ ನೋಡಿಕೊಂಡ. ಅವನ ದನಿಯಲ್ಲಿ ಅನುಮಾನ ಇರಲೇ ಇಲ್ಲ. ಕಸುಬು ಕಲಿಸಿದವನು ಕಲಿತವನನ್ನು ಕೇಳುವ ಹಾಗೆ ಕೇಳಿದ.

"ಉಸ್ತಾದ್, ನನ್ನ ಎಣ್ಣೆ ಎಲ್ಲಿ?"

ತೂಕ, ಭಾರದ ನಡು, ಮುದ್ರೆ, ಮೊಳೆ, ಬಟ್ಟೆ, ವಾಸನೆ, ಪೆಟ್ಟಿಗೆ ನೀರು ಮುಟ್ಟುವವರೆಗಿನ ಒಂದೊಂದನ್ನೂ ಹಿಲ್ಮಿ ಲೆಕ್ಕ ಹಾಕಿದ್ದ. ಮುಟ್ಟಿದ ಮೇಲಿನದನ್ನು ಹಾಕಿರಲಿಲ್ಲ. ಕಿತ್ತಳೆ ವರ್ತುಲದ ನಡುವೆ ನೀರು ಕನ್ನಡಿಯಷ್ಟು ತಿಳಿಯಾಗಿ ನಿಂತಿತ್ತು. ಕೆಳಗಿನಿಂದ ಒಂದು ಬೆಳ್ಳಿಮೀನು ಮೇಲೆ ಬಂದು, ಬಾಯಿ ತೆರೆದು ಗಾಳಿ ಕುಡಿದು, ಹೊಳೆಯುವ ಬೆನ್ನಿಗೆ ಒಂದು ಹನಿ ಎಣ್ಣೆಯೂ ಅಂಟದೆ ಒಳಗೆ ಹೋಯಿತು.